ಒಂದ್ನಿಮಿಷ, ಹಾಡು ಮುಗೀಲಿ

2009ರ ಆಷಾಢ. ಒಂದು ಭಾನುವಾರ ಸಂಜೆ ಮೈಸೂರಿನ ಮಾವನ ಮನೆಯಿಂದ ಬೆಂಗಳೂರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಅಜ್ಜಿ ಕೊಟ್ಟ ಚಕ್ಕುಲಿ ಡಬ್ಬ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಮದ್ದೂರಿನಲ್ಲಿ ಕಟ್ಟಿಸಿಕೊಂಡ ವಡೆಯ ಪೊಟ್ಟಣದಿಂದ ಈರುಳ್ಳಿಯ ವಾಸನೆ ಕಾರಿನ ತುಂಬ. ಚನ್ನಪಟ್ಟಣ ದಾಟುವಾಗ ಜಿಟಿಜಿಟಿ ಮಳೆ ಹಿಡಿಯಿತು. ವೈಪರ್ ಹಾಕಿದೆ. ಸೀಡಿ ಪ್ಲೇಯರಿನಲ್ಲಿ ಬಾನೀ ರೇಟ್ ಹಾಡಲು ಶುರುಮಾಡಿದಳು. 'ಐ ಕಾಂಟ್ ಮೇಕ್ ಯು ಲವ್ ಮಿ', 1991ರ ಹಾಡು. ತನ್ನನ್ನು ಪ್ರೀತಿಸದವನ ಪಕ್ಕದಲ್ಲಿ ಕೊನೆಯ ಒಂದು ರಾತ್ರಿ ಕಳೆಯುವ ಹೆಣ್ಣಿನ ಹಾಡು. ಬ್ರೂಸ್ ಹಾರ್ನ್ಸ್‌ಬಿಯ ಪಿಯಾನೋ ಕೇಳಿಸಿದರೆ ಸಾಕು, ನನಗೆ ಗಂಟಲು ಕಟ್ಟುತ್ತದೆ.

"ರೀ, ನಿಮ್ಹತ್ರ ಒಂದು ವಿಷಯ ಹೇಳ್ಬೇಕಿತ್ತು" ಅಂದಳು ಹೆಂಡತಿ.

ಸ್ಟಿಯರಿಂಗಿನಿಂದ ಎಡಗೈ ಎತ್ತಿ ಬೆರಳು ತೋರಿಸಿದೆ. "ಒಂದ್ನಿಮಿಷ, ಹಾಡು ಮುಗೀಲಿ. ಈ ಪಿಯಾನೋ ಕೇಳು."

ಅವಳು ಕೇಳಿದಳೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಕಣ್ಣು ಮಂಜಾಗಿತ್ತು. ಐದೂವರೆ ನಿಮಿಷದ ಹಾಡು ಮುಗಿಯುವ ಹೊತ್ತಿಗೆ ರಾಮನಗರದ ಬಂಡೆಗಳು ಕಾಣಿಸತೊಡಗಿದ್ದವು. ಕನ್ನಡಕ ಒರೆಸಿಕೊಂಡು ಕೇಳಿದೆ: "ಏನೋ ಹೇಳ್ತೀನಿ ಅಂದ್ಯಲ್ಲ?"

"ಏನಿಲ್ಲ ಬಿಡಿ. ತಲೆನೋವು."

ಬಿಡದಿ ಬಂತು, ಕೆಂಗೇರಿ ಬಂತು, ಮನೆ ಬಂತು. ತಲೆನೋವಿನ ಮಾತ್ರೆ ಎಲ್ಲಿದೆ ಎಂದೂ ನಾನು ಕೇಳಲಿಲ್ಲ.

ಒಂದು ಹಾಡಿಗೆ ಯಾವ ಸಂಸಾರವೂ ಮುರಿಯುವುದಿಲ್ಲ. ನಮ್ಮದು ಮುರಿದದ್ದು ಅದಾಗಿ ಮೂರು ವರ್ಷಕ್ಕೆ, ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ. ಆದರೆ ಹೇಗೆ ಮುರಿಯಿತು ಎಂದು ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ನಾನು ಎತ್ತಿ ತೋರಿಸಿದ ಆ ಬೆರಳು. ಒಬ್ಬ ಹೆಂಗಸಿನ ಎದೆಯೊಡೆದ ಹಾಡು ಕೇಳುವುದಕ್ಕಾಗಿ ಪಕ್ಕದಲ್ಲೇ ಕೂತ ಹೆಂಗಸಿನ ಬಾಯಿ ಮುಚ್ಚಿಸಿದವನು ನಾನು.

ನನ್ನ ಕಿವಿಯ ಜಂಬ ಹಳೆಯದು. 1990ರಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಓದುತ್ತಿದ್ದಾಗ ಯಾರೋ ಶಿನೇಡ್ ಓ'ಕಾನರ್‌ಳ ಕ್ಯಾಸೆಟ್ಟು ತಂದರು. 'ನಥಿಂಗ್ ಕಂಪೇರ್ಸ್ ಟು ಯು' ಕೇಳಿ ಕೇಳಿ ಟೇಪು ಹಿಗ್ಗಿ, ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆವು. ಆಗ ನನ್ನದೂ ಒಂದು ಭಗ್ನಪ್ರೇಮವಿತ್ತು. ಪ್ರೇಮವೂ ಭಗ್ನವಾದದ್ದೂ ಎರಡೂ ನನ್ನ ಕಡೆಯಲ್ಲೇ. ಆ ಹುಡುಗಿಗೆ ವಿಷಯವೇ ಗೊತ್ತಿರಲಿಲ್ಲ. ಆದರೂ ದೀಪ ಆರಿಸಿ, ಗೋಡೆ ಕಡೆ ತಿರುಗಿ ಮಲಗಿ, ಆ ಹಾಡಿನ ಒಳಗೆ ಹೋಗಿ ಕೂತು ಅಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಅದರ ವಿಡಿಯೋ ನೋಡಿದೆ. ಬೋಳಿಸಿದ ತಲೆ, ಪರದೆ ತುಂಬ ಅದೊಂದೇ ಮುಖ, ಕೊನೆಗೆ ಕೆನ್ನೆಯ ಮೇಲಿಳಿಯುವ ಎರಡು ಹನಿ. ಹಾಡು ಅವಳದಲ್ಲ, ಪ್ರಿನ್ಸ್ ಬರೆದದ್ದು. ಅವನು ಕಟ್ಟಿದ ದಿ ಫ್ಯಾಮಿಲಿ ಎಂಬ ತಂಡ 1985ರಲ್ಲೇ ಅದನ್ನು ಹಾಡಿತ್ತು. ಆ ಹನಿಗಳೂ ಯಾವ ಪ್ರಿಯಕರನಿಗೂ ಸೇರಿದವಲ್ಲ. 1985ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಅಮ್ಮ ನೆನಪಾಗಿ ಬಂದ ಕಣ್ಣೀರು ಅದು ಎಂದು ಆಮೇಲೆ ಶಿನೇಡಳೇ ಹೇಳಿಕೊಂಡಳು. ಮೈಸೂರಿನಲ್ಲಿ ನಾನೊಂದು ಹುಡುಗಿಗಾಗಿ ಅಳುತ್ತಿದ್ದಾಗ ಹಾಡುವವಳು ಅಲ್ಲಿ ಅಮ್ಮನಿಗಾಗಿ ಅಳುತ್ತಿದ್ದಳು.

ಇಂಥ ಸಂಗತಿಗಳನ್ನು ಹೆಕ್ಕಿ ಇಟ್ಟುಕೊಳ್ಳುವುದು ಚಟವಾಯಿತು. ಗ್ಲೋರಿಯಾ ಗೇನರ್ ವೇದಿಕೆಯಲ್ಲಿ ಬಿದ್ದು ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ 1978ರಲ್ಲಿ 'ಐ ವಿಲ್ ಸರ್ವೈವ್' ಹಾಡಿದ್ದು, ಕಂಪನಿ ಅದನ್ನು ರೆಕಾರ್ಡಿನ ಹಿಂಬದಿಗೆ ತಳ್ಳಿದ್ದು. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಕಾರು ಅಪಘಾತದಿಂದ ಎದ್ದು ಬಂದು 'ಕ್ರೇಜ಼ಿ' ಹಾಡಲು ನಿಂತಾಗ ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಎಟುಕದೆ ಇನ್ನೊಂದು ದಿನ ಬರಬೇಕಾಗಿ ಬಂದದ್ದು. ಬ್ಯಾಂಕಿನ ಸಹೋದ್ಯೋಗಿಗಳ ಮುಂದೆ ಇವನ್ನೆಲ್ಲ ಬಿಚ್ಚುತ್ತಿದ್ದೆ. ಈ ಹಾಡುಗಾರ್ತಿಯರನ್ನೆಲ್ಲ ಏಕವಚನದಲ್ಲಿ ಕರೆಯುವಷ್ಟು ಸಲುಗೆ ನನಗೆ. ಹೆಂಗಸರ ನೋವಿನ ವಿಷಯದಲ್ಲಿ ನನ್ನ ಮಾಹಿತಿಗೆ ಕೊರತೆಯಿರಲಿಲ್ಲ. ಯಾವ ಪಕ್ಕೆಲುಬು ಎಂದು ಕೇಳಿದ್ದರೂ ಹುಡುಕಿ ಹೇಳುತ್ತಿದ್ದೆ.

2011ರಲ್ಲಿ ಅಡೆಲ್ ಬಂದಳು. ಲಂಡನ್ನಿನ ಟಾಟನಮ್ಮಿನ ಹುಡುಗಿ, ಆಲ್ಬಂನ ಹೆಸರೇ ಅದರ ಹಾಡುಗಳನ್ನು ಬರೆಯುವಾಗಿನ ಅವಳ ವಯಸ್ಸು: '21'. ಫೆಬ್ರವರಿಯ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಕುಣಿತ, ಬೆಂಕಿ, ಬೆಳಕಿನ ಅಬ್ಬರಗಳ ನಡುವೆ ಅವಳು ಬರೀ ಒಂದು ಪಿಯಾನೋ ಜೊತೆ ನಿಂತು 'ಸಮ್‌ವನ್ ಲೈಕ್ ಯು' ಹಾಡಿದಳು. ಕೊನೆಯಲ್ಲಿ ಅವಳಿಗೇ ಅಳು ಬಂತು. ಡ್ಯಾನ್ ವಿಲ್ಸನ್ ಜೊತೆ ಕೂತು ಕಟ್ಟಿದ ಹಾಡು. ನಾನು ಆ ವರ್ಷ ಒಂದು ವಿಶೇಷಾಂಕಕ್ಕೆ ಅದರ ಮೇಲೆ ಉದ್ದನೆಯ ಲೇಖನ ಬರೆದೆ. ಅವಳ ಸ್ವರ ತನ್ನ ಜಾಗದಲ್ಲಿ ನೇರವಾಗಿ ಹೋಗಿ ಕೂರದೆ, ಪಕ್ಕದ ಸ್ವರಕ್ಕೆ ಒಂದು ಕ್ಷಣ ಒರಗಿಕೊಂಡು ಆಮೇಲೆ ಇಳಿಯುತ್ತದೆ. ಆ ಒರಗುವಿಕೆಯಲ್ಲೇ ಕೇಳುವವನ ಎದೆ ಹಿಂಡುತ್ತದೆ ಎಂದು ಒಂದೂವರೆ ಪುಟ ವಿವರಿಸಿದೆ. ಓದುಗರು ಮೆಚ್ಚಿಕೊಂಡರು. ಹೆಣ್ಣಿನ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಗಂಡಸರು ಅಪರೂಪ ಎಂದು ಒಬ್ಬರು ಪತ್ರ ಬರೆದರು. ಆ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೆಂಡತಿ ಲೇಖನವನ್ನು ಪೂರ್ತಿ ಓದಿದಳು. ಪತ್ರಿಕೆ ಮಡಿಸಿಟ್ಟು, "ಲಂಡನ್ನಿಂದ ಇಷ್ಟು ಚೆನ್ನಾಗಿ ಕೇಳ್ಸತ್ತಾ ನಿಮಗೆ?" ಅಂದು ಒಳಗೆ ಹೋದಳು.

ಹೊಗಳಿದಳು ಅಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ.

ಆ ಲೇಖನಕ್ಕೆ ಹಾಡಿನ ಒಂದು ಕನ್ನಡ ಭಾವಾನುವಾದವನ್ನೂ ಸೇರಿಸಬೇಕೆಂದಿದ್ದೆ. ಅಲ್ಲಿ ಒಂದು ತೊಡಕು ಬಂತು. ಇಂಗ್ಲಿಷಿನ 'ಯೂ' ಬಲು ಜಾಣ ಪದ. ಅದು ಚಿಕ್ಕವರಿಗೂ ಸೈ, ದೊಡ್ಡವರಿಗೂ ಸೈ, ಪ್ರಿಯಕರನಿಗೂ ಧಣಿಗೂ ಸೈ. ಕನ್ನಡದಲ್ಲಿ ಮೊದಲ ಸಾಲಿಗೇ ತೀರ್ಮಾನವಾಗಬೇಕು: ನೀನೋ, ನೀವೋ? ನಾನು ಯೋಚಿಸದೆ 'ನೀನು' ಎಂದು ಬರೆದೆ. ನಮ್ಮ ಭಾವಗೀತೆಯ ಹೆಣ್ಣು ನಲ್ಲನನ್ನು ನೀನು ಅಂತಲೇ ಕರೆಯುತ್ತಾಳೆ. ಎದುರಿಗೆ ಅಡುಗೆಮನೆಯಲ್ಲಿ ಹದಿಮೂರು ವರ್ಷದಿಂದ ನನ್ನನ್ನು 'ನೀವು' ಎನ್ನುತ್ತಿದ್ದ ಹೆಂಗಸೊಬ್ಬಳು ಹುಣಸೆಹಣ್ಣು ಕಿವುಚುತ್ತಿದ್ದಳು. ನಮ್ಮಂಥ ಮನೆಗಳಲ್ಲಿ ಎದೆಯೊಡೆದರೆ ಆ ಹಾಡು ಬಹುವಚನದಲ್ಲೇ ಬರುತ್ತದೆ, 'ರೀ' ಎಂದೇ ಶುರುವಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅನುವಾದ ಸೊಗಸಾಗಿತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. ಸಂಪಾದಕರು ಜಾಗವಿಲ್ಲವೆಂದು ಅದನ್ನು ಬಿಟ್ಟರು. ಒಳ್ಳೆಯದೇ ಆಯಿತು.

2012ರಲ್ಲಿ ಅವಳು ಬೇರೆಯಾಗುವ ಮಾತೆತ್ತಿದಳು. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ನಾಲ್ಕೇ ವಾಕ್ಯದಲ್ಲಿ ಹೇಳಿದಳು. ಜಗಳವಿಲ್ಲ, ಕೂಗಾಟವಿಲ್ಲ. ನನಗೆ ಸಿಡಿಲು ಬಡಿದಂತಾಯಿತು. ನನ್ನಂಥವರಿಗೆ ಯಾವಾಗಲೂ ಸಿಡಿಲೇ ಬಡಿಯುವುದು, ಮೋಡ ಕಟ್ಟಿದ್ದನ್ನು ನೋಡಿರುವುದಿಲ್ಲವಲ್ಲ. ದೊಡ್ಡವರ ಒತ್ತಾಯಕ್ಕೆ ಇಬ್ಬರೂ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋದೆವು. ಆಕೆ ನನ್ನನ್ನು ಒಂದು ಸಣ್ಣ ಪ್ರಶ್ನೆ ಕೇಳಿದರು.

"ಇವರು ಇಷ್ಟು ವರ್ಷದಲ್ಲಿ ನಿಮಗೆ ಹೇಳಿರೋ ಬೇಸರಗಳಲ್ಲಿ ಯಾವುದಾದ್ರೂ ಒಂದನ್ನ, ಅವರ ಮಾತಲ್ಲೇ ಹೇಳ್ತೀರಾ?"

ನಾನು ಬಾಯಿ ತೆರೆದೆ. ಅವಳಿಗೆ ಒಂಟಿತನ ಕಾಡಿದೆ, ಅವಳ ಒಳಗೊಂದು ಮೌನ ಹೆಪ್ಪುಗಟ್ಟಿದೆ ಎಂದೇನೋ ಶುರುಮಾಡಿದೆ.

"ಅದು ನನ್ನ ಮಾತಲ್ಲ ಮೇಡಂ" ಅಂದಳು ಅವಳು. "ಇವರು ಪತ್ರಿಕೆಗೆ ಬರೆಯೋ ಭಾಷೆ."

ಅವಳ ಒಂದೇ ಒಂದು ವಾಕ್ಯ ನನಗೆ ನೆನಪಿಗೆ ಬರಲಿಲ್ಲ. ಅದೇ ಹೊತ್ತಿನಲ್ಲಿ ಬಾನೀ ರೇಟ್‌ಳ ಆ ಹಾಡನ್ನು ಕೇಳಿದ್ದರೆ ಉಸಿರೆಳೆದುಕೊಳ್ಳುವ ಜಾಗಗಳ ಸಮೇತ ಒಪ್ಪಿಸುತ್ತಿದ್ದೆ. ಇದು ಅರ್ಥವಾಗುತ್ತಿದ್ದಂತೆ ನನಗೆ ಅಳು ಬಂತು. ಸಮಾಲೋಚಕಿ ಟಿಶ್ಯೂ ಡಬ್ಬವನ್ನು ನನ್ನ ಕಡೆ ಸರಿಸಿದರು. ಹೆಂಡತಿಯ ಕಣ್ಣು ಒಣಗಿತ್ತು.

"ಇವರು ಅಳ್ತಾರೆ ಮೇಡಂ. ಯಾವಾಗ್ಲೂ ಅಳ್ತಾರೆ. ಅತ್ತಾದ್ಮೇಲೆ ಊಟ ಮಾಡಿ ಮಲ್ಕೋತಾರೆ."

ಆ ದಿನವೇ ಗೊತ್ತಾದದ್ದು ಕಾರಿನಲ್ಲಿ ಅವಳು ಹೇಳಹೊರಟಿದ್ದ ವಿಷಯ. ಮೈಸೂರಿನ ಒಂದು ಕಾಲೇಜಿನಲ್ಲಿ ಅವಳಿಗೆ ಪಾಠ ಮಾಡುವ ಕೆಲಸ ಸಿಕ್ಕಿತ್ತು. ನನಗೆ ವರ್ಗವಾದಾಗ ಅವಳು ಬಿಟ್ಟುಬಂದಿದ್ದ ಕೆಲಸದಂಥದ್ದೇ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಎರಡು ದಿನ ತವರಲ್ಲಿ ಧೈರ್ಯ ಕೂಡಿಸಿಕೊಂಡು, ಮದ್ದೂರು ದಾಟಲಿ, ಚನ್ನಪಟ್ಟಣ ದಾಟಲಿ ಎಂದು ಕಾದು, ಕಡೆಗೆ ಬಾಯಿ ಬಿಟ್ಟಿದ್ದಳು. ನಾನು ಪಿಯಾನೋ ಕೇಳಿಸಿದೆ.

ಬಾಡಿಗೆಗೆ ಹಿಡಿದ ಒಂದು ರೂಮಿನ ಮನೆಯಲ್ಲಿ ಮೊದಲ ಕೆಲವು ತಿಂಗಳು ಹಾಡು ಹಾಕಲೇ ಇಲ್ಲ. ಆಮೇಲೊಂದು ರಾತ್ರಿ ಹಾಕಿದೆ. ಅಭ್ಯಾಸದಂತೆ ಹಾಡಿನೊಳಗೆ ಹೋಗಿ ನನ್ನ ಮಾಮೂಲಿ ಜಾಗದಲ್ಲಿ, ಹಾಡುವವಳ ಪಕ್ಕ, ಬಿಟ್ಟುಹೋಗಲ್ಪಟ್ಟವರ ಸಾಲಿನಲ್ಲಿ, ಕೂರಲು ನೋಡಿದೆ. ಆಗಲಿಲ್ಲ. ಆ ಜಾಗ ನನ್ನದಾಗಿರಲಿಲ್ಲ. ಪ್ರತಿ ಹಾಡಿನಲ್ಲೂ ಇನ್ನೊಂದು ಕುರ್ಚಿ ಇರುತ್ತದೆ. ಹಾಡುವವಳು 'ಯೂ' ಎಂದು ಕರೆಯುತ್ತಾಳಲ್ಲ, ಅವನದು. ಇಪ್ಪತ್ತೆರಡು ವರ್ಷ ನಾನು ಆ ಕುರ್ಚಿಯ ಕಡೆ ತಿರುಗಿ ನೋಡಿರಲಿಲ್ಲ.

ಕಾರ್ಲಿ ಸೈಮನ್ 1972ರಲ್ಲಿ 'ಯೂ ಆರ್ ಸೋ ವೇನ್' ಹಾಡಿದಾಗಿನಿಂದ ಆ ಜಂಬಗಾರ ಯಾರೆಂದು ಜನ ದಶಕಗಟ್ಟಲೆ ಊಹಿಸಿದರು. ಈ ಹಾಡು ತನ್ನ ಮೇಲೆಯೇ ಇದೆ ಎಂದುಕೊಳ್ಳುವಂಥ ಜಂಬದ ಮನುಷ್ಯನ ಬಗ್ಗೆ ಆ ಹಾಡು. ನನ್ನದು ಅದರ ಉಲ್ಟಾ ಜಂಬ: ಯಾವ ಹಾಡೂ ನನ್ನ ಮೇಲೆ ಇರಲಾರದು ಎಂಬುದು. ಟೇಲರ್ ಸ್ವಿಫ್ಟ್ 2021ರಲ್ಲಿ ತನ್ನ 'ಆಲ್ ಟೂ ವೆಲ್' ಹಾಡನ್ನು ಹತ್ತು ನಿಮಿಷಕ್ಕೆ ಹಿಗ್ಗಿಸಿ ಬಿಟ್ಟಾಗಲೂ ಅಷ್ಟೇ. ಅಷ್ಟುದ್ದದ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನಕ್ಕೆ ಹಿಂದೆಂದೂ ಬಂದಿರಲಿಲ್ಲ. ಅವನು ಯಾರು, ಇವನು ಯಾರು ಎಂದು ಲೋಕವೆಲ್ಲ ಪತ್ತೇದಾರಿಕೆಗೆ ಇಳಿಯಿತು. ಹಾಡಿನ 'ನೀನು' ಯಾರೆಂದು ನಾವೆಲ್ಲ ಬೇರೆಯವರ ಮನೆಯಲ್ಲೇ ಹುಡುಕುತ್ತೇವೆ.

ಹೀಗೆ ಕುರ್ಚಿ ಬದಲಿಸಿ ಕೂತು ಹಳೆಯ ಹಾಡುಗಳನ್ನು ಒಂದೊಂದಾಗಿ ಕೇಳಿದೆ. ಗೊತ್ತಿದ್ದ ಸಂಗತಿಗಳೇ ಬೇರೆಯಾಗಿ ಕಂಡವು.

'ಐ ವಿಲ್ ಆಲ್ವೇಸ್ ಲವ್ ಯು' ನಮಗೆಲ್ಲ ಗೊತ್ತಿರುವುದು ವಿಟ್ನಿ ಹ್ಯೂಸ್ಟನ್ನಳ 1992ರ ಹಾಡಾಗಿ. 'ದಿ ಬಾಡಿಗಾರ್ಡ್' ಸಿನಿಮಾದ್ದು. ಬರೆದವಳು ಡಾಲಿ ಪಾರ್ಟನ್. ಅದು ಪ್ರಿಯಕರನಿಗೆ ಬರೆದ ಹಾಡಲ್ಲ, ಧಣಿಗೆ ಬರೆದದ್ದು. 1967ರಲ್ಲಿ, 21ನೇ ವಯಸ್ಸಿನಲ್ಲಿ, ಅವಳು ನ್ಯಾಶ್‌ವಿಲ್‌ನ ಪೋರ್ಟರ್ ವ್ಯಾಗನರ್‌ನ ಟೀವಿ ಕಾರ್ಯಕ್ರಮಕ್ಕೆ ಸೇರಿದಳು. ಕೆಲವು ವರ್ಷಕ್ಕೆ ಅವಳಿಗೆ ತನ್ನ ದಾರಿ ತಾನು ಹಿಡಿಯಬೇಕು ಅನ್ನಿಸಿತು. ಅವನಿಗೆ ಹೇಳಿದಳು, ಮತ್ತೆ ಹೇಳಿದಳು, ವಾದ ಮಾಡಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತು ನಾಟದವನಿಗೆ ಹಾಡಾದರೂ ನಾಟೀತು ಎಂದು ಮನೆಗೆ ಹೋಗಿ ಇದನ್ನು ಬರೆದು, ಮರುದಿನ ಅವನ ಕಚೇರಿಯಲ್ಲಿ ಕೂತು ಹಾಡಿದಳು. ಅವನು ಅತ್ತುಬಿಟ್ಟ. ನೀನು ಬರೆದದ್ದರಲ್ಲೆಲ್ಲ ಇದೇ ಚೆಂದ, ಹೋಗು, ಆದರೆ ಈ ಹಾಡಿನ ರೆಕಾರ್ಡು ನಾನೇ ಮಾಡುತ್ತೇನೆ ಅಂದ. ಅವಳೇ ಎಷ್ಟೋ ಸಲ ಹೇಳಿಕೊಂಡಿರುವ ಕಥೆ ಇದು. 1974ರಲ್ಲಿ ಹಾಡು ಹೊರಬಂದು ಕಂಟ್ರಿ ಪಟ್ಟಿಯ ತುದಿಗೇರಿತು.

ಈ ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ, ಪ್ರತಿ ಸಲವೂ ಅವನ ಕಣ್ಣೀರಿಗೆ ನಿಲ್ಲಿಸಿದ್ದೇನೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1979ರಲ್ಲಿ ಅದೇ ವ್ಯಾಗನರ್ ಒಪ್ಪಂದ ಮುರಿದಳೆಂದು ಅವಳ ಮೇಲೆ ದಾವೆ ಹೂಡಿದ. ಕೋರ್ಟಿನ ಹೊರಗೆ ರಾಜಿಯಾಯಿತು. ಅತ್ತವನು ಅವನೇ, ಕೇಸು ಹಾಕಿದವನೂ ಅವನೇ. ಅಳುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ನನಗೆ ಅಳತೆ ಸಿಕ್ಕಿದ್ದು ಅಲ್ಲಿ: ಐದು ವರ್ಷ, ಒಂದು ದಾವೆ. ಹಾಡು ಕೇಳಿ ಕಣ್ಣು ಒದ್ದೆಯಾದಾಗ ಏನೋ ಮಾಡಿದೆವು ಅನ್ನಿಸಿಬಿಡುತ್ತದೆ. ಬಿಲ್ಲು ಕಟ್ಟಿ ರಸೀದಿ ತೆಗೆದುಕೊಂಡ ಹಾಗೆ. ನಾನು ಇಪ್ಪತ್ತು ವರ್ಷದ ರಸೀದಿಗಳನ್ನು ಕೂಡಿಟ್ಟವನು. ಬಾಕಿ ಮಾತ್ರ ಹಾಗೇ ಇತ್ತು.

ಫ್ಲೀಟ್‌ವುಡ್ ಮ್ಯಾಕ್ ತಂಡದ 'ರೂಮರ್ಸ್' 1977ರ ಆಲ್ಬಂ. ಅದನ್ನು ಮಾಡುತ್ತಿದ್ದಾಗ ತಂಡದೊಳಗಿನ ಎರಡು ಜೋಡಿ ಮುರಿದು ಬಿದ್ದಿದ್ದವು. ಕ್ಯಾಲಿಫೋರ್ನಿಯಾದ ಸಾಸಲಿಟೋದ ಸ್ಟುಡಿಯೋದಲ್ಲಿ ಸ್ಟೀವೀ ನಿಕ್ಸ್ ಪಕ್ಕದ ಕೋಣೆಗೆ ಹೋಗಿ, ಹತ್ತು ನಿಮಿಷದಲ್ಲಿ 'ಡ್ರೀಮ್ಸ್' ಬರೆದು ತಂದಳು. ಲಿಂಡ್ಸೀ ಬಕಿಂಗ್‌ಹ್ಯಾಮ್‌ನಿಂದ ದೂರವಾದದ್ದರ ಹಾಡು. ಅದಕ್ಕೆ ಗಿಟಾರ್ ನುಡಿಸಿದವನು ಲಿಂಡ್ಸೀಯೇ. ಇನ್ನೊಂದು ಜೋಡಿ ಕ್ರಿಸ್ಟೀನ್ ಮತ್ತು ಜಾನ್ ಮೆಕ್‌ವೀ. ಅವಳು ಹೊಸ ಪ್ರೀತಿಯ ಮೇಲೆ 'ಯೂ ಮೇಕ್ ಲವಿಂಗ್ ಫನ್' ಬರೆದಳು. ಯಾರ ಮೇಲೆ ಎಂದು ಜಾನ್‌ಗೆ ಹೇಳುವುದು ಹೇಗೆ? ನಾಯಿಯ ಮೇಲೆ ಬರೆದದ್ದು ಅಂದಳು. ಅವನು ಪಾಪ ಬೇಸ್ ಗಿಟಾರ್ ನುಡಿಸಿದ.

ಈ ನಾಯಿಯ ಪ್ರಸಂಗ ಹೇಳಿ ನಾನು ಎಷ್ಟು ಮಂದಿಯನ್ನು ನಗಿಸಿದ್ದೇನೋ. ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು, ಅದರ ಹೆಸರು ತಲೆನೋವು. 'ಏನಿಲ್ಲ, ತಲೆನೋವು.' ಹದಿನಾಲ್ಕು ವರ್ಷ ಅದು ಮನೆಯಲ್ಲಿ ಓಡಾಡಿಕೊಂಡಿತ್ತು. ನಾನು ಬೇಸ್ ನುಡಿಸುತ್ತಿದ್ದೆ. ಈಗ ಜ್ಞಾಪಿಸಿಕೊಂಡರೆ, 'ಏನಿಲ್ಲ' ಎನ್ನುವಾಗ ಅವಳ ದನಿ ಆ ಕೊನೆಯ 'ಲ್ಲ'ದಲ್ಲಿ ನೇರ ಹೋಗಿ ಕೂರುತ್ತಿರಲಿಲ್ಲ. ಒಂದು ಕ್ಷಣ ಪಕ್ಕಕ್ಕೆ ಒರಗಿ, ಆಮೇಲೆ ಇಳಿಯುತ್ತಿತ್ತು. ಅಡೆಲ್‌ಳ ದನಿಯಲ್ಲಿ ಒಂದೂವರೆ ಪುಟಕ್ಕಾಗುವಷ್ಟು ಕೇಳಿಸಿದ್ದು ಇದೇ.

ಸ್ಟೀವೀ ನಿಕ್ಸ್ ಅದೇ ಸಮಯದಲ್ಲಿ ಬರೆದ 'ಸಿಲ್ವರ್ ಸ್ಪ್ರಿಂಗ್ಸ್' ಉದ್ದವಾಯಿತೆಂದು ಆಲ್ಬಂನಿಂದ ಕೈಬಿಟ್ಟು, ಲಿಂಡ್ಸೀ ಅವಳ ಮೇಲೆ ಬರೆದ ಹಾಡಿನ ರೆಕಾರ್ಡಿಗೆ ಹಿಂಬದಿಯಾಗಿ ಹಾಕಿದರು. 1997ರಲ್ಲಿ ತಂಡ ಮತ್ತೆ ಕೂಡಿ 'ದಿ ಡಾನ್ಸ್' ಎಂಬ ಕಾರ್ಯಕ್ರಮ ಕೊಟ್ಟಾಗ ಅವಳು ಅದನ್ನು ಹಾಡಿದಳು. ಅದರ ವಿಡಿಯೋವನ್ನು ಆ ರೂಮಿನಲ್ಲಿ ಎಷ್ಟು ರಾತ್ರಿ ನೋಡಿದೆನೋ. ಮೊದಮೊದಲು ಸಭೆಯ ಕಡೆ ಹಾಡುತ್ತಿದ್ದವಳು ಕೊನೆಗೊಮ್ಮೆ ಮೈಕ್ ಹಿಡಿದು ಅವನ ಕಡೆ ತಿರುಗುತ್ತಾಳೆ. ಇಪ್ಪತ್ತು ವರ್ಷದ ಬಡ್ಡಿ ಸಮೇತ ಹಾಡುತ್ತಾಳೆ. ಹಿಂದೆ ನೋಡುತ್ತಿದ್ದಾಗ ನನ್ನ ಕಣ್ಣು ಅವಳ ಮೇಲೇ ಇರುತ್ತಿತ್ತು. ಈಗ ಅವನನ್ನು ನೋಡಿದೆ. ಅವನು ಕಣ್ಣು ತಪ್ಪಿಸುವುದಿಲ್ಲ. ಕಣ್ಣೀರು ಸುರಿಸುವುದಿಲ್ಲ. ನಡುವೆ ಬಾಯಿ ಹಾಕಿ ಸಮಜಾಯಿಷಿ ಹೇಳುವುದಿಲ್ಲ. ಗಿಟಾರಿನ ತಾಳ ತಪ್ಪದ ಹಾಗೆ ನೋಡಿಕೊಂಡು ಅವಳ ಮಾತಿಗೆ ತಾನೇ ಹಿಮ್ಮೇಳ ಹಾಡುತ್ತಾನೆ. ಅವನು ಒಳ್ಳೆಯವನೋ ಕೆಟ್ಟವನೋ ನಾನು ಹೇಳಲಾರೆ. ಆ ಒಂದೆರಡು ನಿಮಿಷ ಮಾತ್ರ ಅವನು ತನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಅಷ್ಟು ಸಾಕು ಅನ್ನಿಸುತ್ತದೆ. ನನ್ನಿಂದ ಅಷ್ಟೂ ಆಗಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ನನ್ನ ಹಳೇ ಚಟಕ್ಕೇ ಬಿದ್ದ ಹಾಗಾಗುತ್ತದೆ. ಹಾಡು ಸಾಕ್ಷಿ ಹೇಳಿಕೆಯಲ್ಲ. ಅದರಲ್ಲಿ ಕಸುಬಿದೆ, ಪ್ರಾಸವಿದೆ, ಜೊತೆಗೆ ಬರೆದವರಿದ್ದಾರೆ, ಮಾರುವವರಿದ್ದಾರೆ. ಹಾಡಿನ 'ನೀನು'ವಿಗೆ ಬಾಯಿರುವುದಿಲ್ಲ. ಅವನ ಕಡೆಯ ಕಥೆಯೂ ಒಂದಿರಬಹುದು. ನನ್ನನ್ನು ಅಳಿಸಿದ ಬಾನೀ ರೇಟ್‌ಳ ಹಾಡನ್ನೇ ನೋಡಿ. ಬರೆದವರು ಇಬ್ಬರು ಗಂಡಸರು. ಮೈಕ್ ರೀಡ್ ಅಮೆರಿಕನ್ ಫುಟ್‌ಬಾಲ್ ಆಡಿಕೊಂಡಿದ್ದ ಆಳು, ಇನ್ನೊಬ್ಬ ಆಲನ್ ಶ್ಯಾಂಬ್ಲಿನ್. ಕುಡಿದು ತನ್ನ ಗೆಳತಿಯ ಕಾರಿಗೆ ಗುಂಡು ಹೊಡೆದವನೊಬ್ಬನ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಇದರಿಂದ ಏನು ಕಲಿತೆ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ ಅವನು, ಹೆಣ್ಣಿಗೆ ಮನಸ್ಸಿಲ್ಲದಿದ್ದರೆ ಪ್ರೀತಿ ಮಾಡಿಸಲಾಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟನಂತೆ. ಬಂದೂಕು ಹಿಡಿದವನ ಬಾಯಲ್ಲಿ ಬಂದದ್ದು. ಇವರಿಬ್ಬರು ಮೊದಲು ಅದನ್ನು ಚುರುಕು ನಡೆಯ ಹಾಡಾಗಿ ಕಟ್ಟಲು ಹೋದರು. ತಿಂಗಳುಗಟ್ಟಲೆ ಒದ್ದಾಡಿ, ನಡೆ ನಿಧಾನ ಮಾಡಿದ ಮೇಲಷ್ಟೇ ಅದರೊಳಗಿನ ಹಾಡು ಅವರಿಗೆ ಕೇಳಿಸಿತು. ಗುಂಡು ಹೊಡೆದವನ ಮಾತು ಕಡೆಗೆ ಸುಮ್ಮನೆ ಸೋಲೊಪ್ಪಿ ಮಲಗಿದ ಹೆಣ್ಣಿನ ಮಾತಾಯಿತು. ಗಂಡಸಿಗೂ ಕೇಳಿಸುತ್ತದೆ ಎಂದಾಯಿತು. ಅವಸರ ಬಿಡಬೇಕು, ತನ್ನ ಲಯ ಬಿಡಬೇಕು, ಅಷ್ಟೇ.

ಪೋರ್ಟರ್ ವ್ಯಾಗನರ್‌ನ ಕಥೆಗೆ ಇನ್ನೊಂದು ತುದಿಯಿದೆ. 2007ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಅವನ ಐವತ್ತು ವರ್ಷದ ಸೇವೆಗೆ ಸನ್ಮಾನವಾದಾಗ ಡಾಲಿ ಬಂದು ಅದೇ ಹಾಡು ಹಾಡಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ನನ್ನ ಬದುಕಿನಲ್ಲಿ ಅಂಥ ಸಮಾರಂಭವೇನೂ ನಡೆಯಲಿಲ್ಲ. ಅವಳು ಮೈಸೂರಿಗೆ ಹೋಗಿ ಬೇರೊಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ನಾವು ಮತ್ತೆ ಒಂದಾಗಲಿಲ್ಲ, ಆಗುವುದೂ ಇಲ್ಲ. ಮಗಳ ವಿಷಯಕ್ಕೆ ಫೋನು ಮಾಡುತ್ತೇವೆ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಕಳಿಸಿದ್ದೆ. ಎರಡು ದಿನ ಬಿಟ್ಟು ಫೋನು ಬಂತು.

"ಕೊಡಿ, ನಂದೇನೂ ಅಭ್ಯಂತರ ಇಲ್ಲ. ಒಂದು ತಪ್ಪಿದೆ. ವೈಪರ್ ನೀವಾಗೇ ಹಾಕ್ಲಿಲ್ಲ. ಹಾಕಿ ಅಂತ ನಾನು ಎರಡು ಸಲ ಹೇಳ್ದೆ."

ಮೊದಲ ಪ್ಯಾರಾವನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ. ನನಗೆ ನೆನಪಿರುವುದು ಹಾಗೆ. ನಡೆದದ್ದು ಅವಳು ಹೇಳಿದ ಹಾಗೆ.

2021ರ ಫೆಬ್ರವರಿ. ಮಗಳಿಗೆ ಹದಿನೆಂಟು ತುಂಬಿತ್ತು. ಡಿಗ್ರಿಗೆಂದು ಬೆಂಗಳೂರಿಗೆ ಬಂದು ನನ್ನ ಜೊತೆ ಇದ್ದಳು. ಭಾನುವಾರದ ಬೆಳಗ್ಗೆ ಕಾರಿಗೆ ಎಲ್ ಬೋರ್ಡ್ ಅಂಟಿಸಿಕೊಂಡು ಕೆಂಗೇರಿಯಾಚೆಗೆ ಹೊರಟಿದ್ದೆವು. ಅವಳು ಓಡಿಸುವುದು, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯುವುದು. ಹಾಡು ಅವಳ ಆಯ್ಕೆ: ಒಲಿವಿಯಾ ರೊಡ್ರಿಗೋಳ 'ಡ್ರೈವರ್ಸ್ ಲೈಸೆನ್ಸ್'. ಹಿಂದಿನ ತಿಂಗಳಷ್ಟೇ ಬಂದಿದ್ದ ಹಾಡು. ಹಾಡಿದ ಹುಡುಗಿಗೆ ಆಗ 17. ಲೈಸೆನ್ಸ್ ಸಿಕ್ಕ ದಿನ ಜೊತೆಗೆ ಇರಬೇಕಾದವನು ಇಲ್ಲದ ಸಂಕಟ. ಹಾಡಿನ ನಡುವೆ ಒಂದು ಕಡೆ ವಾದ್ಯಗಳೆಲ್ಲ ಒಟ್ಟಿಗೆ ಏರಿ ದನಿಗಳ ಮೇಲೆ ದನಿ ಪೇರಿಸಿಕೊಂಡು ಬರುತ್ತವೆ. ನನಗೆ ಆಗಲೇ ಗಂಟಲು ಕಟ್ಟತೊಡಗಿತ್ತು.

"ಅಪ್ಪಾ" ಅಂದಳು.

ನನ್ನ ಎಡಗೈ ಎದ್ದಿತು. ಹಳೇ ಕೈ. ಅದನ್ನು ಹಾಗೇ ಮುಂದಕ್ಕೆ ಒಯ್ದು ಗುಂಡಿ ತಿರುಗಿಸಿ ಸದ್ದು ಪೂರ್ತಿ ಇಳಿಸಿದೆ.

"ಹೇಳು."

"ಏನಿಲ್ಲ. ಮೊಸರು ತರೋದು ಮರೆತ್ವಿ. ಅದಕ್ಯಾಕೆ ಹಾಡು ನಿಲ್ಲಿಸ್ಬಿಟ್ಟೆ?"

ನನಗೆ ನಗು ಬಂತು, ಅವಳಿಗೂ. ಮುಂದೆ ಒಂದು ನಂದಿನಿ ಬೂತಿನ ಹತ್ತಿರ ನಿಲ್ಲಿಸೋಣ ಅಂದೆ. ಆದರೂ ಕೈಯನ್ನು ಗುಂಡಿಯ ಕಡೆ ಒಯ್ಯಲಿಲ್ಲ. ಆ 'ಏನಿಲ್ಲ' ಅವಳ ಅಮ್ಮನ 'ಏನಿಲ್ಲ'ದ ಹಾಗೆಯೇ ಸ್ವಲ್ಪ ಪಕ್ಕಕ್ಕೆ ಒರಗಿತ್ತು. ಸುಮ್ಮನೆ ಕೂತೆ. ಎರಡನೇ ಗೇರಿನಲ್ಲಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಇನ್ನೊಂದು ಕಿಲೋಮೀಟರು ಹೋದ ಮೇಲೆ ಅವಳು ಮತ್ತೆ ಬಾಯಿ ತೆರೆದಳು. ಈ ಸಲ ಮೊಸರಿನ ವಿಷಯವಲ್ಲ. ಅವಳು ಹೇಳಿದ್ದು ಅವಳದು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾಡು ಯಾವಾಗ ಮುಗಿಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.